ಹನ್ನೊಂದು ನಿಮಿಷ

ಎಲ್ಲರ ದನಿ ಅಣಕಿಸುವುದು ನನಗೆ ಚಟ. ಮಂಡ್ಯದ ನಮ್ಮ ಪ್ರಯೋಗಾಲಯದ ಮೇಡಂ ಕನ್ನಡಕ ಇಳಿಸಿ "ಅಲ್ಲಪ್ಪಾ, ಇದಕ್ಕೆ ಆಧಾರ?" ಎನ್ನುವುದಿರಲಿ, ಶೆಡ್ಡಿನ ಬಂಡೂರು ಕುರಿ ಕೆಮ್ಮುವುದಿರಲಿ, ಯಾವುದನ್ನೂ ಬಿಟ್ಟವನಲ್ಲ. ಹೆಚ್ಚು ಅಣಕಿಸಿದ್ದು ಅಲ್ಲೇ ಜೊತೆಗೆ ಕೆಲಸ ಮಾಡುವ ಗೆಳೆಯನನ್ನು. ಬೆಸಗರಹಳ್ಳಿಯವನು. ಬಾಯಿ ಬಿಡುವ ಮುಂಚೆ ಮೂರು ಸಲ "ಅದೇನಂದ್ರೆ" ಎನ್ನುತ್ತಿದ್ದ. ನಾನು ಐದು ಸಲ ಎನ್ನುತ್ತಿದ್ದೆ. ಅವನೂ ನಗುತ್ತಿದ್ದ.

ಇಬ್ಬರದೂ ಗುತ್ತಿಗೆ ಕೆಲಸ. ಮುಂದಿನ ವರ್ಷಕ್ಕೆ ಒಬ್ಬನನ್ನೇ ಉಳಿಸಿಕೊಳ್ಳುತ್ತೇವೆಂದು ಮೇಡಂ ಹೇಳಿಬಿಟ್ಟಿದ್ದರು. ಕುರಿಯ ರಕ್ತದಿಂದ ತೆಗೆದ ವಂಶವಾಹಿಯ ಮಾಹಿತಿ ಹತ್ತಾರು ಪ್ರೋಗ್ರಾಂ ದಾಟಿ ಬರಬೇಕು. ಆಲೆಮನೆಯಲ್ಲಿ ಕಬ್ಬು ಗಾಣಕ್ಕೆ, ಅದರ ಹಾಲು ಕೊಪ್ಪರಿಗೆಗೆ, ಪಾಕ ಅಚ್ಚಿಗೆ ಹೋದಂತೆ. ಇವನ್ನೆಲ್ಲ ಒಂದಾದ ಮೇಲೊಂದು ಓಡಿಸಲು ಒಂದು ಮೇಸ್ತ್ರಿ ಸಾಫ್ಟ್‌ವೇರು ಇರುತ್ತದೆ. ಹೊಸದೊಂದು ಬಂದಿತ್ತು. ಗೆಳೆಯ ಅದನ್ನು ಹಾಕಿಕೊಟ್ಟ. ಹಳೆಯದಕ್ಕಿಂತ ಎಷ್ಟು ಬೇಗ ಮುಗಿಸುತ್ತದೆಂದು ಅಳೆಯುವ ಹೊಣೆ ನನ್ನದು.

ಹಳೆಯದಕ್ಕೆ ಮೂರು ಗಂಟೆ. ಹೊಸದಕ್ಕೆ ಹನ್ನೊಂದು ನಿಮಿಷ! ಕುರ್ಚಿಯಿಂದ ಎದ್ದೇ ಬಿಟ್ಟೆ. ಗೆಳೆಯನಿಗೆ ತೋರಿಸಿದೆ.

"ಬುಡ್ಲಾ, ಗೆದ್ದೆ ನೀನು" ಎಂದು ಟೀ ಕೊಡಿಸಿದ.

ಮರುದಿನ ಸಭೆಯಲ್ಲಿ ಗ್ರಾಫು ತೋರಿಸಿದೆ. ಮೇಡಂ ತಲೆದೂಗುತ್ತಿದ್ದಾಗ ಗೆಳೆಯ ಕೈ ಎತ್ತಿದ. ಒಂದೂ "ಅದೇನಂದ್ರೆ" ಇಲ್ಲ.

"ಓಡಿಸೋಕೆ ಮುಂಚೆ ಫೋಲ್ಡರ್ ಖಾಲಿ ಮಾಡಿದ್ರಾ? ನಾನು ಹಿಂದಿನ ದಿನ ಪರೀಕ್ಷೆಗೆ ಅಂತ ಅದ್ರಲ್ಲೇ ಒಂದ್ಸಲ ಪೂರ್ತಿ ಓಡಿಸಿದ್ದೆ."

ನನಗೆ ಬಹುವಚನ ಬೇರೆ. ಆ ಸಾಫ್ಟ್‌ವೇರು ಫೋಲ್ಡರಿನಲ್ಲಿ ಫಲಿತಾಂಶ ಆಗಲೇ ಇರುವ ಹಂತವನ್ನು ಮತ್ತೆ ಮಾಡುವುದಿಲ್ಲ. ಅವನು ಕಾಯಿಸಿಟ್ಟ ಪಾಕವನ್ನು ಅಚ್ಚಿಗೆ ಸುರಿದು, ಅಷ್ಟಕ್ಕೇ ಗಡಿಯಾರ ನೋಡಿದ್ದೆ ನಾನು. ಮೇಡಂ ಕನ್ನಡಕ ಇಳಿಸಿದರು.

ಹೊರಗೆ ಬಂದು ಅವನನ್ನು ಹಿಡಿದೆ. "ನೆನ್ನೆ ಯೋಳ್ಬೋದಿತ್ತಲ್ಲ ಕಣ್ಲಾ!"

"ನೀನ್ ಕೇಳ್ದೇನ್ಲಾ?"

"ಟೀ ಕೊಡ್ಸುದ್ಯಲ್ಲೋ!"

"ಎರಡ್ ವರ್ಸದಿಂದ ಎಲ್ಲಾರ್ ಮುಂದೆ ನನ್ನ ಆಡ್ಕಂಡೆ. ನಾನ್ ನಗ್ತಿದ್ದುದ್ದು ಖುಸಿಗೆ ಅನ್ಕಂಡಿದ್ದಾ?"

ಅಳೆಯುವವನು ಮೊದಲು ನೋಡಬೇಕಾದದ್ದನ್ನು ನಾನು ನೋಡಲಿಲ್ಲ, ಒಪ್ಪಿದೆ. ಆಡಿಕೊಂಡದ್ದೂ ತಪ್ಪೇ. ಆದರೆ ಆಡಿಕೊಂಡದ್ದು ಅವನ ಎದುರಿಗೆ.

ಫೋಲ್ಡರ್ ಖಾಲಿ ಮಾಡಿ ಮತ್ತೆ ಓಡಿಸಿದೆ. ಎರಡೂವರೆ ಗಂಟೆ. ಅರ್ಧ ಗಂಟೆ ಉಳಿತಾಯವೇನೂ ಕಡಿಮೆಯದಲ್ಲ. ಮೇಡಂಗೆ ಕಳಿಸಿದೆ. "ಸರಿ. ಇನ್ನು ಮುಂದೆ ಇದನ್ನು ಅವನೇ ನೋಡಿಕೊಳ್ಳಲಿ" ಎಂದು ಉತ್ತರ ಬಂತು. ಮುಂದಿನ ವರ್ಷದ ಕೆಲಸ ಯಾರದೆಂದು ಬೇರೆ ಕೇಳಬೇಕಾಗಿರಲಿಲ್ಲ.

ಸಂಜೆ ಮದ್ದೂರು ಬಸ್ಸಿನಲ್ಲಿ ಅವನು ಪಕ್ಕದ ಸೀಟಿಗೆ ಚೀಲ ಇಟ್ಟು ಕಾದಿದ್ದ. "ಬಾರ್ಲಾ, ಕೂತ್ಕ" ಎಂದ, ಏನೂ ಆಗದವನಂತೆ. ನಾನು ಕಂಬಿ ಹಿಡಿದು ನಿಂತೆ. ಕಾಲು ನೋಯುತ್ತಿತ್ತು, ಸುಳ್ಳೇಕೆ.

ಕಂಡಕ್ಟರು ಟಿಕೆಟ್ ಹರಿಯುತ್ತಾ ಗದರಿದ: "ಸೀಟ್ ಖಾಲಿ ಐತಲ್ಲಪ್ಪ, ಯಾಕ್ ದಾರೀಲಿ ನಿಂತಿದ್ದೀಯ?"

"ಅಲ್ಲಿ ಯಾರೋ ಬತ್ತಾರಂತೆ ಕಣಣ್ಣ" ಎಂದೆ.