ಗುಡಿಸದ ಅಂಗಳದ ಬಸಳೆ

“ಹೊಯ್ಗಿಯಗೆ ಬಸ್ಳಿ ಆತಿಲ್ಲೆ ಹೆಣೆ. ನೀನ್ ಡಿಗ್ರಿ ಮಾಡಿದ್ದ್ ಅಂಗಳಕ್ಕೆ ಕಸ ಹರಡುಕಾ?” ಬೀಜಾಡಿಯ ನಮ್ಮ ಹೊಯಿಗೆ ಅಂಗಳದಲ್ಲಿ, ಕಡಲ ದಂಡೆಯ ಆ ಮರಳಿನಲ್ಲಿ ನಿಂತು ಹೀಗೆಂದವರು ಪಕ್ಕದ ಮನೆಯ ಗಿರಿಜ ದೊಡ್ಡಮ್ಮ. ಈ ಹುಡುಗಿ ಡಿಗ್ರಿ ಮುಗಿಸುವುದಿಲ್ಲ ಎಂದಿದ್ದವರೂ ಅವರೇ. ಮೀನು ಮಾರುವ ನಮ್ಮ ಮನೆತನದಲ್ಲಿ ಅದುವರೆಗೆ ಯಾರೂ ಕಾಲೇಜಿನ ಮೆಟ್ಟಿಲು ಹತ್ತಿರಲಿಲ್ಲ.

ಅವರ ಸಿಟ್ಟಿಗೂ ಕಾರಣವಿತ್ತು. ಬೆಳಗಾದರೆ ಅಂಗಳ ಗುಡಿಸಿ ತರಗೆಲೆ ಸುಡುವುದು ನಮ್ಮ ಕಡೆಯ ರೂಢಿ. ನಾನೋ ಡಿಗ್ರಿ ಮುಗಿಸಿ ಬ್ರಹ್ಮಾವರದಲ್ಲಿ, ಎಲೆ ಕಸ ಸುಡದೆ ಮಣ್ಣಿಗೇ ಮರಳಿಸುವ ಪರ್ಮಾಕಲ್ಚರ್ ಕೈತೋಟದ ತರಬೇತಿಗೆ ಸೇರಿದ್ದೆ. ತೋಟ ಬದುಕಿದರೆ ಮಾತ್ರ ಸರ್ಟಿಫಿಕೇಟ್ ಎಂದಿದ್ದರು. ಹೊಯಿಗೆಯ ಅಡಿಯಲ್ಲಿ ತೆಂಗಿನ ಸಿಪ್ಪೆ ಹೂತು, ಮೇಲೆ ತರಗೆಲೆ ಹೊದಿಸಿದೆ. ಅಮ್ಮ ಮೀನು ತೊಳೆದ ನೀರು ಹರಿದು ಹೋಗುವ ಕಡೆಗೇ ಬಸಳೆ, ಬದನೆ ನೆಟ್ಟೆ. ಎಲೆ ಸಾಲದೆ ಮೊದಲು ನೆಟ್ಟದ್ದೆಲ್ಲ ಬಾಡಿತು. ಎರಡನೆಯ ಸಲ ನೆಟ್ಟಾಗ ಮೊಣಕಾಲು ಮುಳುಗುವಷ್ಟು ಎಲೆ ಹೊದಿಸಿದೆ, ಬಸಳೆ ಚಪ್ಪರಕ್ಕೇರಿತು.

ತೋಟ ನೋಡಲು ಬಂದ ತರಬೇತಿಯ ಮೇಡಂ ಎಲೆ ಸರಿಸಿ, ಮಧ್ಯಾಹ್ನದ ಬಿಸಿಲಲ್ಲೂ ತಣ್ಣಗಿದ್ದ ಹೊಯಿಗೆಯನ್ನು ಮುಟ್ಟಿ ನೋಡಿದರು. ಅಲ್ಲೇ ಸರ್ಟಿಫಿಕೇಟ್ ಕೊಟ್ಟರು. ನಾನದನ್ನು ಬೇಲಿಯಾಚೆ ನಿಂತಿದ್ದ ದೊಡ್ಡಮ್ಮನ ಕೈಗಿಟ್ಟೆ. ನಿಜ ಹೇಳಬೇಕೆಂದರೆ, ಸ್ವಲ್ಪ ಜಂಬದಿಂದಲೇ ಇಟ್ಟೆ.

ಅವರು ಅದನ್ನು ಸೆರಗಿನಿಂದ ಒರೆಸಿ ಹಿಂದಕ್ಕೆ ಕೊಟ್ಟರು. “ಕಾಗ್ದ ನೀನೇ ಇಟ್ಕೋ ಮಗಾ. ನಂಗೆ ಎರ್ಡ್ ಬಸ್ಳಿ ದಂಟ್ ಕೊಡ್, ನೆಡುಕೆ. ಎಂಟ್ ದಿನ ಆಯ್ತ್, ನಾನೂ ಎಲಿ ಸುಡ್ಲಿಲ್ಲೆ.”