ಅನ್‌ವೈಸ್ ಎಂದು ಬರೆದುಕೊಟ್ಟೆ

ಅವತ್ತು ಸಮುದ್ರ ಒರಟಾಗಿತ್ತು ಎಂದು ಬರೆದಿದ್ದೇನೆ. ನಿಜಕ್ಕೂ ಒರಟಾಗಿತ್ತೋ ಇಲ್ಲವೋ ಈಗ ಗೊತ್ತಿಲ್ಲ. ಬರೆದದ್ದಂತೂ ಗೊತ್ತು. ಅದರ ಪ್ರತಿ ನನ್ನ ಫೋನಿನಲ್ಲಿದೆ, ಕೆಳಗೆ ನನ್ನ ಸಹಿ ಇದೆ.

ಬರೆದದ್ದು ಗೆಳೆಯನಿಗಾಗಿ. ಧಾರವಾಡದ ಕಡೆಯವನು. ಓದಲು ಆಸ್ಟ್ರೇಲಿಯಾಕ್ಕೆ ಬಂದ ಹೊಸದರಲ್ಲಿ ಸಿಡ್ನಿಯದೇ ಬಡಾವಣೆಯಾದ ಲಿವರ್‌ಪೂಲಿನ ಒಂದು ಮನೆಯಲ್ಲಿ ನಾವಿಬ್ಬರೂ ಒಂದೇ ರೂಮಿನಲ್ಲಿದ್ದೆವು. ಆಮೇಲೆ ಇಬ್ಬರಿಗೂ ಇಲ್ಲೇ ನೆಲೆಸಲು ಪಿಆರ್ ಆಯಿತು, ಮದುವೆಯಾಯಿತು. ನಾನು ಸಿಡ್ನಿಯ ಅಂಚಿಗೆ, ಸ್ಕೋಫೀಲ್ಡ್ಸ್‌ಗೆ ಬಂದೆ. ಅವನು ಮೆಲ್ಬರ್ನಿಗೆ ಹೋಗಿ ಡಾಕ್‌ಲ್ಯಾಂಡ್ಸ್‌ನ ಆಫೀಸೊಂದನ್ನು ಸೇರಿದ. ಕೆಲವು ವರ್ಷಗಳ ಮೇಲೆ ಅವನೂ ಅವನ ಹೆಂಡತಿಯೂ ಬೇರೆಯಾದರು. ಮಗಳು ತಾಯಿಯ ಬಳಿ ಉಳಿದಳು. ವಾರಕ್ಕೆ ಎರಡು ದಿನವಾದರೂ ಅವಳು ತನ್ನ ಜೊತೆಗಿರಲಿ ಎಂದು ಅವನು ಕೋರ್ಟಿಗೆ ಕೇಳಿಕೊಂಡ. ಅವನು ಎಂಥ ತಂದೆ ಎಂಬುದನ್ನು ಹತ್ತಿರದಿಂದ ನೋಡಿದವರೊಬ್ಬರು ಬರೆದುಕೊಡಬೇಕಿತ್ತು.

"ನೀ ಬರಿ. ನಿನ್ನ ಇಂಗ್ಲಿಷ್ ಚೊಲೋ ಐತಿ," ಅಂದ.

ಎರಡು ಪುಟ ಬರೆದೆ. ವಿಡಿಯೊ ನೋಡಿ ಮಗಳಿಗೆ ಜಡೆ ಹೆಣೆಯಲು ಕಲಿತದ್ದು, ಅವಳು ಊಟ ಬಿಟ್ಟರೆ ಇವನೂ ತಟ್ಟೆ ಸರಿಸಿ ಕೂರುತ್ತಿದ್ದದ್ದು. ಓದಿ ನೋಡಿದರೆ ಬರೀ ಹೊಗಳಿಕೆ. ನನಗೇ ಇರುಸುಮುರುಸಾಯಿತು. ಮಗುವನ್ನು ಅಲಂಕರಿಸಿದ ಮೇಲೆ ಕೆನ್ನೆಗೊಂದು ದೃಷ್ಟಿಬೊಟ್ಟು ಇಡುತ್ತೇವಲ್ಲ, ಕೈ ತಾನಾಗಿ ಆ ಕಡೆ ಹೋಯಿತು. ಎಲ್ಲ ಒಳ್ಳೆಯದನ್ನೇ ಹೇಳಿದರೆ ಯಾರೂ ನಂಬುವುದಿಲ್ಲ, ಒಂದು ಸಣ್ಣ ಕಪ್ಪು ಇರಲಿ. ಆಗ ಸಮುದ್ರದ ದಿನ ನೆನಪಾಯಿತು.

ನೆನಪಾಯಿತು ಎನ್ನುವುದು ಸರಿಯಲ್ಲ. ಹುಡುಕಿ ತೆಗೆದೆ.

ಅವರು ಸಿಡ್ನಿಗೆ ಬಂದಿದ್ದಾಗ ಎರಡೂ ಮನೆಯವರು ಬೀಚಿಗೆ ಹೋಗಿದ್ದೆವು. ಕೆಂಪು ಹಳದಿ ಬಾವುಟಗಳ ನಡುವೆ ಮಾತ್ರ ಈಜಬೇಕು, ಅಲ್ಲಿ ಕಾವಲಿರುತ್ತದೆ. ಅವನು ಐದು ವರ್ಷದ ಮಗಳನ್ನು ಎತ್ತಿಕೊಂಡು ಬಾವುಟದ ಆಚೆ, ಜನ ಕಡಿಮೆಯಿರುವ ಕಡೆ ನೀರಿಗಿಳಿದ. ಒಂದು ಅಲೆ ಬಂದು ಇಬ್ಬರನ್ನೂ ಕೆಡವಿತು. ಮಗು ನೀರು ಕುಡಿಯಿತು, ಕೆಮ್ಮಿತು, ಅತ್ತಿತು, ಆಮೇಲೆ ಚಿಪ್ಸ್ ಕೇಳಿತು. ಅಷ್ಟೇ.

ಚಿಪ್ಸ್ ಕೇಳಿದ್ದನ್ನು ನಾನು ಬರೆಯಲಿಲ್ಲ.

ಬರೆಯುವಾಗ ಇಂಗ್ಲಿಷ್ ವಿಶೇಷಣಗಳನ್ನು ಸಾಲಾಗಿ ಕೂರಿಸಿಕೊಂಡೆ. ಸ್ಟುಪಿಡ್ ಬೈಗುಳ. ಫೂಲಿಶ್ ನಮ್ಮ ಸೋದರಮಾವನ ಬಾಯಲ್ಲಿ ಸದಾ ಇರುವ ಮಾತು. ರೆಕ್ಲೆಸ್ ತೀರಾ ಹೆಚ್ಚು. ಅನ್‌ವೈಸ್ ಎಂಬುದು ಶಾಲು ಹೊದ್ದುಕೊಂಡ ಮೇಷ್ಟರ ಹಾಗೆ ಸೌಮ್ಯವಾಗಿ ಕಂಡಿತು. ಅವತ್ತಿನ ಅವನ ತೀರ್ಮಾನ ಅನ್‌ವೈಸ್, ಆದರೆ ಅದರಿಂದ ಪಾಠ ಕಲಿತಿದ್ದಾನೆ, ಎಂದು ಬರೆದೆ. ಕನ್ನಡದಲ್ಲಾಗಿದ್ದರೆ ಬರೆಯುತ್ತಿರಲಿಲ್ಲವೇನೋ. ಬುದ್ಧಿಗೇಡಿ ಕೆಲಸ ಎಂದು ಅವನ ಬಗ್ಗೆ ಬರೆಯಲು ಕೈ ಬರುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಪದಕ್ಕೆ ತೂಕವೇ ಇಲ್ಲ ಅನ್ನಿಸುತ್ತದೆ, ಬೇರೆಯವರ ಮನೆಯ ಚಮಚ ಎತ್ತಿಟ್ಟ ಹಾಗೆ.

ಹೆಂಡತಿಗೆ ಓದಲು ಕೊಟ್ಟೆ. "ಬೀಚ್ ವಿಷಯ ಬೇಕೇನ್ರೀ ಇಲ್ಲಿ?" ಅಂದಳು.

"ಇರಲಿ. ಪೂರ್ತಿ ಹೊಗಳಿದ್ರೆ ನಂಬಲ್ಲ. ನೀನು ಗ್ರಾಮರ್ ನೋಡು ಸಾಕು."

ಅವಳು ಗ್ರಾಮರ್ ನೋಡಿದಳು. ಗೆಳೆಯ ಓದದೆಯೇ ವಕೀಲೆಗೆ ಕಳಿಸಿದ. ನನ್ನ ಮೇಲೆ ಅಷ್ಟು ನಂಬಿಕೆ.

ಎದುರು ಪಕ್ಷದವರಿಗೆ ಎರಡು ಪುಟದಲ್ಲಿ ಒಂದೇ ಪದ ಸಾಕಾಯಿತು. ತಂದೆಯ ಆಪ್ತ ಸ್ನೇಹಿತರೇ ಅನ್‌ವೈಸ್ ಅನ್ನುತ್ತಿದ್ದಾರೆ ಎಂದು ಅವರ ಉತ್ತರದಲ್ಲಿ ಮೂರು ಕಡೆ ಬಂತು. ಕೊನೆಗೆ ತಾತ್ಕಾಲಿಕ ಆದೇಶ: ಎರಡು ವಾರಕ್ಕೊಮ್ಮೆ, ಶನಿವಾರ ಎರಡು ಗಂಟೆ ಹೊತ್ತು ಮಗಳ ಭೇಟಿ, ಒಂದು ಕೇಂದ್ರದಲ್ಲಿ, ಮೇಲ್ವಿಚಾರಕಿಯ ಎದುರಿಗೆ. ಅದೊಂದೇ ಕಾರಣವಲ್ಲ ಎಂದು ಅವನ ವಕೀಲೆ ಹೇಳಿದರು. ನಿಜವಾಗಿ ಹೇಳಿದರೋ, ನನ್ನ ಸಮಾಧಾನಕ್ಕೆ ಹೇಳಿದರೋ ತಿಳಿಯಲಿಲ್ಲ.

ಆದೇಶದ ಸುದ್ದಿ ಕೇಳಿ ಹೆಂಡತಿ ಚಪಾತಿ ಲಟ್ಟಿಸುತ್ತಲೇ ಹೇಳಿದಳು: "ಅವತ್ತು ನೀವೇ ಅಲ್ವಾ, 'ಆ ಕಡೆ ಹೋಗೋ, ರಶ್ ಇಲ್ಲ' ಅಂದಿದ್ದು?"

"ನಾನಾ?"

"ಕೈ ತೋರ್ಸಿ ಬೇರೆ ಹೇಳಿದ್ರಿ."

"ಮತ್ತೆ ಓದಕ್ಕೆ ಕೊಟ್ಟಾಗ ಯಾಕೆ ಹೇಳ್ಲಿಲ್ಲ?"

"ಬೇಕಾ ಅಂತ ಕೇಳಿದ್ನಲ್ಲ. ಗ್ರಾಮರ್ ನೋಡು ಅಂದ್ರಿ."

ಅಂದಿನಿಂದ ನನ್ನಲ್ಲಿ ಎರಡು ದಿನಗಳಿವೆ. ಒಂದರಲ್ಲಿ ನಾನು ಪುಳಿಯೋಗರೆ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದೇನೆ, ತಲೆಯೆತ್ತುವಷ್ಟರಲ್ಲಿ ಅವನು ನೀರಿನಲ್ಲಿದ್ದಾನೆ. ಇನ್ನೊಂದರಲ್ಲಿ ಡಬ್ಬಿಯೇ ಇಲ್ಲ. ನನ್ನ ಬಲಗೈ ಚಾಚಿದೆ, ಬೆರಳಿನ ತುದಿಯಲ್ಲಿ ಖಾಲಿ ಮರಳು. ಎರಡನೆಯದು ಹೆಂಡತಿ ಹೇಳಿದ ಮೇಲೆ ಹುಟ್ಟಿದ್ದಿರಬಹುದು. ಮೊದಲನೆಯದು ಪತ್ರ ಬರೆಯುವಾಗ ಹುಟ್ಟಿದ್ದಿರಬಹುದು. ಎರಡೂ ಸ್ಪಷ್ಟವಾಗಿವೆ, ಅದೇ ಅನುಮಾನ.

ಹೊಸ ಹೇಳಿಕೆ ಬರೆದೆ. ಆ ಕಡೆ ಹೋಗಲು ಹೇಳಿದ್ದು ನಾನೇ, ಎಂದು. ಗೆಳೆಯನಿಗೆ ಫೋನಿನಲ್ಲಿ ವಿಷಯ ಹೇಳಿ, ಅದನ್ನು ತೆಗೆದುಕೊಂಡು ಮೆಲ್ಬರ್ನಿಗೆ ಹೋದೆ. ಗೆಳೆಯ ಆಫೀಸಿನಿಂದ ಇಳಿದು ಬಂದ. ಟ್ರಾಮ್ ನಿಲ್ದಾಣದ ಬೆಂಚಿನ ಮೇಲೆ ಕುಳಿತು ಓದಿದ. ಈ ಸಲ ಪೂರ್ತಿ ಓದಿದ.

"ಇದು ನಿನಗ ಖರೇ ನೆನಪೈತೇನು?"

"ಇಲ್ಲ. ಅವಳು ಹೇಳಿದಳು. ನಿನಗೆ?"

"ನನಗೂ ಇಲ್ಲೋ. ನೀ ಹೇಳಿರ್ಬೇಕು. ನಾನೂ ಹೋಗಾಂವನ ಇದ್ನಿ." ಕಾಗದವನ್ನು ಮಡಚಿದ. "ವಕೀಲಮ್ಮನ್ನ ಕೇಳೀನಿ. ಈಗ ಬದಲಿ ಮಾಡಿದ್ರ ಮೊದಲು ಬರದಿದ್ದೂ ಸುಳ್ಳು ಅಂತಾರ. ಆ ಜಡೀ ಹೆಣದಿದ್ದೂ ಸುಳ್ಳಾಗ್ತೈತಿ. ಬ್ಯಾಡ ಬಿಡು."

ಬೈಯಲಿಲ್ಲ. ಬೈದಿದ್ದರೆ ಉತ್ತರ ಕೊಡಬಹುದಿತ್ತು.

ಮಾರನೆಯ ದಿನ ಅವನ ಶನಿವಾರ. ಜೊತೆಗೆ ಹೋದೆ. ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಒಳಗೆ ಪ್ರವೇಶವಿಲ್ಲ, ಕಾರಿನಲ್ಲೇ ಕುಳಿತೆ. ಎರಡು ಗಂಟೆಯ ಭೇಟಿಗೆಂದು ಹೋದವನು ಒಂದೇ ಗಂಟೆಯಲ್ಲಿ ಬಂದು ಬಾಗಿಲು ತೆಗೆದ.

"ಯಾಕೆ ಬೇಗ?"

"ಸಾಕು ಡ್ಯಾಡ್, ಹೋಗ್ಲಾ ಅಂತ ಕೇಳಿದ್ಳು. ಹೂಂ ಅಂದೆ."

"ಮಾತಾಡಿದ್ಳಾ?"

ಅವನು ಬೆಲ್ಟ್ ಹಾಕಿಕೊಂಡ. "ಒಳಗ ಕನ್ನಡ ಮಾತಾಡಂಗಿಲ್ಲ. ಆ ಮೇಡಮ್ಮಗ ತಿಳಿಯೂ ಭಾಷಾದಾಗ ಮಾತಾಡಬೇಕು. ಮೊದಲ ನಾ ಕನ್ನಡದಾಗ ಅನ್ನಾಂವ, ಅಕಿ ಇಂಗ್ಲಿಷಿನ್ಯಾಗ ಅನ್ನಾಕಿ, ನಡೀತಿತ್ತು. ಈಗ ನಾನೂ ಇಂಗ್ಲಿಷ್. ವಾರ ಹೆಂಗಿತ್ತು ಅಂತೀನಿ, ಗುಡ್ ಅಂತಾಳ. ಸಾಲಿ ಹೆಂಗೈತಿ ಅಂತೀನಿ, ಗುಡ್. ಆಫೀಸಿನ್ಯಾಗ ಯಾರನ್ನೋ ಇಂಟರ್‌ವ್ಯೂ ಮಾಡಿದಂಗ. ಹೋಗುಮುಂದ ಹೋಗಿ ಬಾರವ್ವ ಅನ್ನಾಕೂ ಬರ್ಲಿಲ್ಲ."

ಆಚೆ ಅವಳ ತಾಯಿಯ ಕಾರು ಬಂದು ನಿಂತಿತ್ತು. ಮಗಳು ಹಿಂದಿನ ಸೀಟಿಗೆ ಹತ್ತಿದಳು. ಇವನು ಕೈಯೆತ್ತಿದ. ಅವಳು ನೋಡಿದಳು ಎಂದು ಬರೆಯಬಹುದು. ನೋಡಲಿಲ್ಲ ಎಂದೂ ಬರೆಯಬಹುದು. ಗಾಜು ಕಪ್ಪಗಿತ್ತು.

"ಮುಂದಿನ ಸಲ ನಾ ಬಂದ್ರ ಬಂದೆ, ಇಲ್ಲಾಂದ್ರ ಇಲ್ಲ," ಎಂದು ಅವನು ಕಾರು ಶುರು ಮಾಡಿದ.