ಕುರಿಯ ಹೊಟ್ಟೆಯೊಳಗಿನ ಸಂಸಾರ

ಕುರಿಯೊಂದು ಮೆಲುಕು ಹಾಕುವುದನ್ನು ಪಕ್ಕದಲ್ಲಿ ಕೂತು ನೋಡುವ ಪುರುಸೊತ್ತು ನಿಮಗೆ ಎಂದಾದರೂ ಸಿಕ್ಕಿದೆಯೋ ಇಲ್ಲವೋ, ನಾನರಿಯೆ. ದೋರನಹಳ್ಳಿಯ ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ಸೇರಿ, ಸಗರದಲ್ಲಿ ಸೋದರತ್ತೆ ನಿಂಗವ್ವನ ಮನೆಯಲ್ಲಿ ಉಳಿದ ವರ್ಷಗಳಲ್ಲಿ ನನಗದು ದಿನದಿನದ ನೋಟ. ಸಂಜೆ ಅಂಗಳದಲ್ಲಿ ನಾನು ಮಕ್ಕಳ ನೋಟ್‌ಬುಕ್ಕು ತಿದ್ದುತ್ತ ಕೂತರೆ, ಎದುರಿಗೆ ಅತ್ತೆಯ ಕುರಿಗಳು ಕಣ್ಣು ಅರೆಮುಚ್ಚಿ, ಹಗಲು ನುಂಗಿದ್ದನ್ನು ಮತ್ತೆ ಬಾಯಿಗೆ ತಂದುಕೊಂಡು, ಲೋಕದ ಯಾವ ಅವಸರವೂ ತಮಗೆ ಸಂಬಂಧಿಸಿದ್ದಲ್ಲವೆಂಬಂತೆ ದವಡೆಯಾಡಿಸುತ್ತಿದ್ದವು.

ಕಾಲುವೆಗೆ ನೀರು ಬಂದು ಆಗಿನ್ನೂ ಕೆಲವೇ ವರ್ಷ. ಜೋಳ, ತೊಗರಿಯ ಹೊಲಗಳು ಒಂದೊಂದಾಗಿ ಭತ್ತದ ಗದ್ದೆಗಳಾಗುತ್ತಿದ್ದವು. ಸುಗ್ಗಿಯ ಒಂದು ಮಧ್ಯಾಹ್ನ ಅತ್ತೆಯ ಮೂರು ಕುರಿಗಳು ಹಿಂಡು ಬಿಟ್ಟು, ಕಾಲುವೆ ದಂಡೆಯಲ್ಲಿ ಒಣಹಾಕಿದ್ದ ಭತ್ತಕ್ಕೆ ಬಾಯಿ ಹಾಕಿ, ಹೊಟ್ಟೆ ಬಿರಿಯುವಷ್ಟು ತಿಂದು ಬಂದವು. ಮರುದಿನ ಹೊತ್ತು ಏರುವುದರೊಳಗೆ ಎರಡು ಸತ್ತವು. ಉಳಿದದ್ದು ಕಪ್ಪಿ ಎಂಬ ಕಪ್ಪು ಮುಖದ ಕುರಿ. ತಾಯಿ ಸತ್ತ ಮರಿಯಾಗಿದ್ದಾಗ ಅತ್ತೆ ಮಡಿಲಲ್ಲಿಟ್ಟು ಹಾಲು ಕುಡಿಸಿ ಬೆಳೆಸಿದ್ದು. ಅತ್ತೆ ಅಡುಗೆ ಸೋಡಾ ಕಲಸಿದ ನೀರು ಕುಡಿಸಿದ ಮೇಲೆ ಅದರ ಉಬ್ಬರವೇನೋ ಇಳಿಯಿತು. ಆದರೆ ಮೇವು ಮೂಸಲಿಲ್ಲ, ಮೆಲುಕು ಹಾಕಲಿಲ್ಲ, ತಲೆ ಇಳಿಬಿಟ್ಟುಕೊಂಡು ಗೋಡೆಯ ಕಡೆಗೇ ಮುಖ ಮಾಡಿ ನಿಂತಿತು.

ಆಗ ಅತ್ತೆ ಮಾಡಹೊರಟದ್ದನ್ನು ಕಂಡು ನಾನು ಹೌಹಾರಿದೆ. ಬೇರೊಂದು ಕುರಿಯ ದವಡೆಗೆ ಎರಡು ಬೆರಳು ತೂರಿಸಿ, ಅದು ಅಗಿಯುತ್ತಿದ್ದ ಮೆಲುಕನ್ನು ಹೊರತೆಗೆದು ಕಪ್ಪಿಯ ಬಾಯಿಗೆ ಒಯ್ಯುತ್ತಿದ್ದಳು.

"ಛೀ ಅತ್ತಿ, ಏನ್ ಮಾಡಾಕತ್ತಿ? ಒಂದರ ಎಂಜಲ ಇನ್ನೊಂದಕ್ಕ ಹಾಕಿದ್ರ ರೋಗ ಹತ್ತತಾವ!"

"ನಮ್ಮವ್ವ ಹಿಂಗ ಮಾಡತಿದ್ದಳವಾ."

"ಆಗಿನ ಮಂದಿಗೆ ಬ್ಯಾಕ್ಟೀರಿಯಾ ಅಂದ್ರ ಗೊತ್ತಿರಲಿಲ್ಲ."

ಅತ್ತೆ ಒಂದು ಗಳಿಗೆ ನನ್ನ ಮುಖ ನೋಡಿದಳು. ಓದಿದವಳ ಮಾತು ಎಂದು ಕೈ ಹಿಂದಕ್ಕೆ ತೆಗೆದುಕೊಂಡಳು.

ಆ ವಾರ ನಾನು ತರಗತಿಯಲ್ಲಿ ಸೂಕ್ಷ್ಮಜೀವಿಗಳ ಪಾಠವನ್ನೇ ಮಾಡುತ್ತಿದ್ದೆ. ಕಾಲರಾ, ಕ್ಷಯ, ವಿಷಮಶೀತಜ್ವರ ಎಂದು ಎಷ್ಟು ಆವೇಶದಿಂದ ಬಣ್ಣಿಸಿದ್ದೆನೆಂದರೆ, ಮಕ್ಕಳು ನೀರಿನ ಲೋಟವನ್ನೂ ಅನುಮಾನದಿಂದ ನೋಡುವಂತಾಗಿತ್ತು. ಕಾಲುವೆಯ ನೀರನ್ನು ಕಾಯಿಸದೆ ಕುಡಿದು ಹಾಸಿಗೆ ಹಿಡಿದವರನ್ನು ಕಂಡಿದ್ದ ನನಗೆ ಆ ಭಯ ಸುಳ್ಳೂ ಆಗಿರಲಿಲ್ಲ. ಆದರೆ ಹಾಲಿಗೆ ಹೆಪ್ಪಾಗುವವು, ತೊಗರಿಯ ಬೇರಿನ ಗಂಟುಗಳಲ್ಲಿ ಕೂತು ಗಾಳಿಯಿಂದ ನೆಲಕ್ಕೆ ಸಾರ ಇಳಿಸುವವು ಕೂಡ ಬ್ಯಾಕ್ಟೀರಿಯಾಗಳೇ ಎಂಬುದನ್ನು ಎರಡು ವಾಕ್ಯಗಳಲ್ಲಿ ಮುಗಿಸಿಬಿಟ್ಟಿದ್ದೆ.

ಮರುದಿನ ದನದ ಡಾಕ್ಟರು ಬಂದರು. ಕಪ್ಪಿಯ ಹೊಟ್ಟೆಗೆ ಕಿವಿಗೊಟ್ಟು, ಔಷಧಿ ಕುಡಿಸಿ, "ಹುಳಿ ಇಳದೈತಿ ಯವ್ವಾ. ಬ್ಯಾರೆ ಕುರಿ ಮೆಲಕು ತಗದು ಕೊಟ್ಟೀರೇನು?" ಎಂದು ಕೇಳಿದರು.

ನಾನು ಅತ್ತೆಯ ಕಡೆ ನೋಡಿದೆ.

"ಇಲ್ಲರಿ ಸಾಹೇಬ್ರ," ಎಂದಳು ಅತ್ತೆ, ನನ್ನ ಕಡೆ ನೋಡದೆ. "ಮುದುಕಿ ನೋಡ್ರಿ, ಮರತುಬಿಟ್ಟೆ."

ಡಾಕ್ಟರು ತಿಳಿಸಿ ಹೇಳಿದರು. ಹುಲ್ಲನ್ನು ಕರಗಿಸುವ ವಿದ್ಯೆ ಕುರಿಗೆ ಬರುವುದಿಲ್ಲ. ಅದರ ಹೊಟ್ಟೆಯಲ್ಲಿ ಸಂಸಾರ ಹೂಡಿರುವ ಬ್ಯಾಕ್ಟೀರಿಯಾಗಳಿಗೆ ಬರುತ್ತದೆ. ಕಾಳು ಅತಿಯಾದಾಗ, ಮೊದಲಿನಿಂದಲೂ ತೆಪ್ಪಗೆ ಅಲ್ಲೇ ಇದ್ದ ಹುಳಿ ಮಾಡುವ ಜಾತಿಯವು ಒಮ್ಮೆಲೇ ಹೆಚ್ಚುತ್ತವೆ, ಆ ಹುಳಿಯಲ್ಲಿ ಹುಲ್ಲು ಕರಗಿಸುವವು ಸತ್ತುಹೋಗುತ್ತವೆ. ಗಟ್ಟಿಮುಟ್ಟಾದ ಕುರಿಯ ಮೆಲುಕಿನೊಂದಿಗೆ ಹೋಗುವುದು ಎಂಜಲಲ್ಲ, ಹೊಸದಾಗಿ ಬೀಡುಬಿಡಲಿರುವ ಜೀವಗಳು.

ಡಾಕ್ಟರು ಅತ್ತ ಹೋದದ್ದೇ ತಡ, ನಾನೇ ಕಪ್ಪಿಯನ್ನು ತೊಡೆಗಳ ನಡುವೆ ಹಿಡಿದು ನಿಂತೆ. ಅತ್ತೆ ಮೆಲುಕು ತೆಗೆದು, ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ, ಬಿದಿರಿನ ಗೊಟ್ಟದಿಂದ ನಿಧಾನಕ್ಕೆ ಕುಡಿಸಿದಳು. ಎರಡು ದಿನ ಹೊತ್ತುಹೊತ್ತಿಗೆ ಹೀಗೇ ಮಾಡಿದೆವು. ನನ್ನಿಂದ ತಡವಾದ ಆ ಒಂದು ದಿನವೇ ದುಬಾರಿಯಾಯಿತೇನೋ ಎಂದು ನನಗೆ ಊಟವೇ ಸೇರಲಿಲ್ಲ. ಮೂರನೆಯ ದಿನ ಇಳಿಹೊತ್ತಿನಲ್ಲಿ ಕಪ್ಪಿಯ ಕುತ್ತಿಗೆಯಲ್ಲಿ ಏನೋ ಮೇಲಕ್ಕೇರಿದಂತಾಗಿ, ದವಡೆ ಒಮ್ಮೆ ಪಕ್ಕಕ್ಕೆ ಸರಿಯಿತು. ಮತ್ತೆ ಸರಿಯಿತು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅತ್ತಿ, ಡಾಕ್ಟರ ಮುಂದ ನನ್ನ ಹೆಸರು ಯಾಕ ಹೇಳಲಿಲ್ಲ?"

"ಊರಾಗ ನಿನಗ ಟೀಚರಮ್ಮ ಅಂತಾರ. ನಾ ಮುದುಕಿ, ಮರತರ ಯಾರ ಏನಂತಾರ?"

ಮರುದಿನ ತರಗತಿಯಲ್ಲಿ, ನಾನು ಹೇಳಿದ್ದು ಅರ್ಧ ಪಾಠ ಮಾತ್ರ ಎಂದು ಮಕ್ಕಳ ಮುಂದೆ ಒಪ್ಪಿಕೊಂಡು, ನಿಂಗವ್ವನ ಹೆಸರು ಹೇಳಿಯೇ ಉಳಿದರ್ಧ ಮಾಡಿದೆ. ಸಂಜೆ ಊಟಕ್ಕೆ ಕೂತಾಗ ಅದನ್ನು ಅತ್ತೆಗೂ ಹೇಳಿದೆ. ಅವಳು ನಾಚಿಕೊಂಡು ಕೇಳಿದಳು:

"ಹಂಗಾರ ನಮ್ಮ ಹೊಟ್ಟ್ಯಾಗೂ ಅವು ಅದಾವೇನು?"

"ಅದಾವ ಅತ್ತಿ, ಎಣಸಾಕ ಆಗಲಾರದಷ್ಟು."

"ಅಯ್ಯ, ಮೂರು ದಿನ ನೀ ಉಪಾಸ ಕೆಡವಿದೆಲ್ಲವಾ ಅವನ್ನೆಲ್ಲ," ಎನ್ನುತ್ತ ಅತ್ತೆ ನನ್ನ ಗಂಗಾಳಕ್ಕೆ ಇನ್ನೊಂದು ರೊಟ್ಟಿ ಹಾಕಿದಳು.